ಹಳೆಯ ತೆರೆ, ಹೊಸ ಲ್ಯಾಪ್‌ಟಾಪ್

ಹೊಸ ಲ್ಯಾಪ್‌ಟಾಪನ್ನು ತಂದ ವಿದ್ಯಾರ್ಥಿಯು ಅದನ್ನು ಮನೆಯ ಹಳೆಯ ಮಾನಿಟರಿಗೆ ಜೋಡಿಸಹೊರಟಾಗ ಮೊದಲು ದೊರೆಯುವುದು ನಿರಾಶೆಯೇ. ಒಂದರ ತಂತಿಯು ಇನ್ನೊಂದರ ಕಿಂಡಿಗೆ ಹೊಂದುವುದಿಲ್ಲ. ಹಾಗೆಂದು ಸುಸ್ಥಿತಿಯಲ್ಲಿರುವ ಮಾನಿಟರನ್ನು ಗುಜರಿಗೆ ಹಾಕಬೇಕೆ? ಅದಕ್ಕೆ ಮೊದಲು ಈ ಎರಡು ಯಂತ್ರಗಳ ಭಾಷೆಯನ್ನು ನಾವು ಅರಿಯೋಣ.

ಹಳೆಯ ಮಾನಿಟರಿನ ಹಿಂಬದಿಯಲ್ಲಿ 15 ರಂಧ್ರಗಳುಳ್ಳ, ಸಾಮಾನ್ಯವಾಗಿ ನೀಲಿ ಬಣ್ಣದ ಕಿಂಡಿಯೊಂದಿರುತ್ತದೆ. ಇದು 1987ರಲ್ಲಿ ಐಬಿಎಂ ಸಂಸ್ಥೆಯು ಬಳಕೆಗೆ ತಂದ ವಿಜಿಎ ಪದ್ಧತಿ. ಕೆಂಪು, ಹಸಿರು, ನೀಲಿಗಳಿಗೆ ಇದರಲ್ಲಿ ಒಂದೊಂದು ತಂತಿಯಿದೆ. ತಂತಿಯಲ್ಲಿನ ವೋಲ್ಟೇಜು ಸೊನ್ನೆಯಿಂದ 0.7ರವರೆಗೆ ಏರಿದಂತೆ ಆ ಬಣ್ಣವು ಉಜ್ಜ್ವಲವಾಗುತ್ತದೆ. ವೀಣೆಯ ತಂತಿಯ ಮೇಲೆ ಬೆರಳು ಜಾರಿದಂತೆ ಈ ಏರಿಳಿತವು ಅಖಂಡವಾದುದು. ಹೊಸ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಯಾದರೋ ಚಿತ್ರವನ್ನು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಸಾಲಾಗಿ ಕಳುಹಿಸುತ್ತದೆ.

ಆದುದರಿಂದ ತುದಿಗಳ ಆಕಾರವನ್ನಷ್ಟೇ ಹೊಂದಿಸುವ ಅಗ್ಗದ ತಂತಿಯಿಂದ ಫಲವಿಲ್ಲ. ಅಂಕಿಗಳನ್ನು ವೋಲ್ಟೇಜಾಗಿ ಮಾರ್ಪಡಿಸುವ ವಿದ್ಯುನ್ಮಂಡಲವುಳ್ಳ ಪರಿವರ್ತಕವೇ ಬೇಕು. ಅದು ಏಕಮುಖಿ ಎಂಬುದನ್ನು ಮರೆಯಬಾರದು. ವಿಜಿಎಯಿಂದ ಎಚ್‌ಡಿಎಂಐಗೆ ಮಾರ್ಪಡಿಸುವುದನ್ನು ಕೊಂಡುತಂದರೆ ಹಣವು ವ್ಯರ್ಥ. ಮಾನಿಟರಿಗೆ ಅಂಕೀಯ ಡಿವಿಐ ಕಿಂಡಿಯೂ ಇದ್ದರೆ ಕೆಲಸವು ಇನ್ನೂ ಸುಲಭ. ಡಿವಿಐ, ಎಚ್‌ಡಿಎಂಐಗಳ ಚಿತ್ರಸಂಕೇತವು ಒಂದೇ ಬಗೆಯದಾದುದರಿಂದ ಅಲ್ಲಿ ಸರಳ ತಂತಿಯೇ ಸಾಕು.

ಜೋಡಿಸಿದ ಮೇಲೆ ಅಕ್ಷರಗಳು ಮಸುಕಾಗಿ ಕಂಡರೆ ಮಾನಿಟರಿನ ಸಹಜ ಬಿಂದುಸಂಖ್ಯೆಯನ್ನು, ಉದಾಹರಣೆಗೆ 1280 × 1024 ಎಂಬುದನ್ನು, ಲ್ಯಾಪ್‌ಟಾಪಿನಲ್ಲಿ ಆರಿಸಬೇಕು.

ಭಾಷೆ ತಿಳಿಯದ ಇಬ್ಬರ ನಡುವೆ ಬೇಕಾದುದು ದುಭಾಷಿಯೇ ಹೊರತು ಜಗಳವಲ್ಲ. ಯಂತ್ರಗಳ ವಿಷಯದಲ್ಲಿಯೂ ಇದು ನಿಜ.