ಸೇರು ಅಂದ್ರೆ ಕೆಜಿ ಅಲ್ಲ: ಮನೆ ಅಳತೆಯನ್ನು ತೂಕಕ್ಕೆ ತರುವುದು ಹೀಗೆ

ಕುಸನೂರ (ಕಲಬುರಗಿ): ಮನೆಯಲ್ಲಿ ಅಕ್ಕನ ಕುಬಸ ಇತ್ತು. "ಹತ್ತು ಸೇರು ಅಕ್ಕಿ ಸಾಕು ತಮ್ಮಾ" ಅಂದ್ರು ದೊಡ್ಡವ್ವ. ನಾನು ಅಂಗಡಿಗೆ ಹೋಗಿ ಹತ್ತು ಕೆಜಿ ಕಟ್ಟಿಸಿಕೊಂಡು ಬಂದೆ. ಕೊನೆಯ ಪಂಗತಿ ಕೂತಾಗ ಅನ್ನದ ಬುಟ್ಟಿ ಖಾಲಿ! ಮತ್ತೆ ಒಲೆ ಹಚ್ಚಿ ಅನ್ನ ಆಗೋತನಕ ಬೀಗರನ್ನು ಕಾಯಿಸಬೇಕಾಯ್ತು. ಮರುದಿನ ದೊಡ್ಡವ್ವನ ಹಿತ್ತಾಳೆ ಸೇರಿಗೆ ಅಕ್ಕಿ ತುಂಬಿ ತೂಗಿದೆ. 1 ಕೆಜಿ 230 ಗ್ರಾಂ ಬಂತು. ಅಂದರೆ ನಾನು ಎರಡು ಕೆಜಿಗೂ ಮೇಲೆ ಕಡಿಮೆ ತಂದಿದ್ದೆ.

ಈ ತಪ್ಪು ಆಗೋದು ಯಾಕೆ? ಹಿಂದೆ ಸೇರು ಅನ್ನೋದು ತೂಕದ ಹೆಸರೂ ಆಗಿತ್ತು. 80 ತೊಲೆಯ ಸೇರು ಅಂದರೆ ಸುಮಾರು 933 ಗ್ರಾಂ. 1956ರ ಕಾಯ್ದೆ ಬಂದ ಮೇಲೆ, 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಕಿಲೋ ಬಂತು. ಹಾಗಾಗಿ "ಸೇರು, ಕಿಲೋ ಎರಡೂ ಹೆಚ್ಚು ಕಡಿಮೆ ಒಂದೇ" ಅನ್ನೋ ಮಾತು ಉಳಿದುಬಿಟ್ಟಿದೆ. ಆದರೆ ಅಡುಗೆಮನೆಯ ಸೇರು ತೂಕವಲ್ಲ, ಪಾತ್ರೆ. ಊರಿಗೊಂದು, ಮನೆಗೊಂದು ಗಾತ್ರ.

ಇನ್ನೊಂದು ಮಾತು: ಪಾತ್ರೆ ಒಂದೇ ಇದ್ದರೂ ಕಾಳು ಬದಲಾದರೆ ತೂಕ ಬದಲಾಗುತ್ತೆ. ಕಾಳಿನ ನಡುವಿನ ಸಂದಿಯಲ್ಲಿ ಗಾಳಿ ಇರುತ್ತೆ. ಜರಡಿ ಹಿಡಿದ ಹಿಟ್ಟಿನಲ್ಲಿ ಗಾಳಿ ಹೆಚ್ಚು, ಒತ್ತಿ ತುಂಬಿದರೆ ಕಡಿಮೆ.

ಒಂದು ಲೀಟರ್ ನೀರು ಹಿಡಿಯೋ ಪಾತ್ರೆಯಲ್ಲಿ ತಲೆ ಸವರಿ ತುಂಬಿದರೆ ಅಂದಾಜು ತೂಕ ಇಷ್ಟು:

- ಅಕ್ಕಿ: 800ರಿಂದ 850 ಗ್ರಾಂ
- ತೊಗರಿಬೇಳೆ: 800ರಿಂದ 850 ಗ್ರಾಂ
- ಜೋಳ: 700ರಿಂದ 780 ಗ್ರಾಂ
- ರವೆ: 700 ಗ್ರಾಂ ಆಸುಪಾಸು
- ಜೋಳದ ಹಿಟ್ಟು: 500ರಿಂದ 600 ಗ್ರಾಂ
- ಚುರುಮುರಿ: 80ರಿಂದ 100 ಗ್ರಾಂ

ನಿಮ್ಮ ಸೇರಿನ ಲೆಕ್ಕ ತೆಗೆಯೋದು ಸುಲಭ. ಒಂದು ಲೀಟರ್ ಬಾಟಲಿಯಿಂದ ಸೇರಿಗೆ ನೀರು ತುಂಬಿ ನೋಡಿ. ನಮ್ಮ ಸೇರಿಗೆ ಒಂದೂವರೆ ಲೀಟರ್ ಹಿಡೀತು. ಆಮೇಲೆ ಮೇಲಿನ ತೂಕವನ್ನು ಒಂದೂವರೆಯಿಂದ ಗುಣಿಸಿ. ಜೋಳ ಆದರೆ 1 ಕೆಜಿ 100 ಗ್ರಾಂ ಹತ್ತಿರ ಬರುತ್ತೆ, ಚುರುಮುರಿ 150 ಗ್ರಾಂ ದಾಟಲ್ಲ. ಪೂರ್ತಿ ಖಾತ್ರಿ ಬೇಕಂದ್ರೆ ಪರಿಚಯದ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ, ಡಬ್ಬಿ ಮೇಲೆ ಬರೆದು ಅಂಟಿಸಿ. ತುಂಬುವಾಗ ತಲೆ ಸವರಿಯೇ ತುಂಬಿ. ಗೋಪುರ ಏರಿಸಿದರೆ ಲೆಕ್ಕ ಕೆಡುತ್ತೆ.

ನೀರನ್ನು ಮಾತ್ರ ಅಳತೆಯಿಂದಲೇ ಹಾಕಿ. ಒಂದು ಅಳತೆ ಅಕ್ಕಿಗೆ ಎರಡು ಅಳತೆ ನೀರು ಹಾಕೋ ಮನೆಯವರು 1 ಕೆಜಿ ಅಕ್ಕಿಗೆ 2 ಲೀಟರ್ ಹಾಕಿದರೆ ಅನ್ನ ಬಿರುಸಾಗುತ್ತೆ. 1 ಕೆಜಿ ಅಕ್ಕಿ ಸುಮಾರು 1.2 ಲೀಟರ್ ಜಾಗ ಹಿಡಿಯುತ್ತೆ. ಆದ್ದರಿಂದ ನೀರು 2.4 ಲೀಟರ್ ಬೇಕು.

ಇದೇ ಲೆಕ್ಕ ರೇಷನ್‌ಗೂ ಆಗುತ್ತೆ. 5 ಕೆಜಿ ಅಕ್ಕಿ ನಮ್ಮ ಸೇರಿನಲ್ಲಿ ನಾಲ್ಕು ಸೇರಿಗೆ ಸ್ವಲ್ಪ ಮೇಲೆ. ಮನೆಯಲ್ಲಿ ಅಳೆದು ಅಂದಾಜು ನೋಡಬಹುದು. ಅನುಮಾನ ಬಂದರೆ ತೂಕವೇ ಮಾಡಿಸಬೇಕು, ಸೇರಿನ ಅಳತೆ ಸಾಕ್ಷಿ ಆಗಲ್ಲ.

ಅಂಗಡಿಯವರಿಗೂ ಒಂದು ಮಾತು. 2009ರ ಕಾನೂನು ಮಾಪನ ಶಾಸ್ತ್ರ ಕಾಯ್ದೆ ಪ್ರಕಾರ ವ್ಯಾಪಾರ ನಡೆಯಬೇಕಾದ್ದು ಕೆಜಿ, ಗ್ರಾಂ, ಲೀಟರಿನಂಥ ಅಳತೆಯಲ್ಲೇ, ಮುದ್ರೆ ಬಿದ್ದ ತಕ್ಕಡಿಯಲ್ಲೇ. ಗಿರಾಕಿ "ಐದು ಸೇರು ಕೊಡಿ" ಅಂದಾಗ ಸುಮ್ಮನೆ ಐದು ಕೆಜಿ ಕಟ್ಟಬೇಡಿ. "ನಿಮ್ಮ ಸೇರು ಎಷ್ಟು ಹಿಡಿತದ್ರೀ?" ಅಂತ ಒಂದು ಮಾತು ಕೇಳಿ.

ನಮ್ಮ ದೊಡ್ಡವ್ವ ಈಗಲೂ ಸೇರಿನಲ್ಲೇ ಹೇಳ್ತಾರೆ. ಚೀಟಿಯಲ್ಲಿ ಕೆಜಿ ಬರೆಯೋದು ನನ್ನ ಕೆಲಸ.