ಮೃಗಾಲಯದಲ್ಲಿ ನಮ್ಮ ನಾಡಿನ ತೋಳ

ಕೃಷ್ಣಮೂರ್ತಿಪುರಂ ನಿವಾಸಿಗಳಾದ ನಮಗೆ ಮೃಗಾಲಯವೆಂಬುದು ಊರಿನಿಂದ ನೆಂಟರು ಬಂದಾಗ ಮಾತ್ರ ನೆನಪಾಗುವ ಸ್ಥಳ. ಹತ್ತಿರದಲ್ಲಿರುವುದರ ಪಾಡೇ ಅಷ್ಟು. ಚಾಮರಾಜೇಂದ್ರ ಒಡೆಯರು 1892ರಲ್ಲಿ 10 ಎಕರೆಯಲ್ಲಿ ಆರಂಭಿಸಿದ ಈ ಮೃಗಾಲಯ ಈಗ ದೇಶದ ಹೆಸರಾಂತ ಮೃಗಾಲಯಗಳಲ್ಲಿ ಒಂದು. ಬಂದವರು ಜಿರಾಫೆಯ ಮುಂದೆ, ಗೊರಿಲ್ಲದ ಮುಂದೆ ನೆರೆಯುತ್ತಾರೆ; ನಮ್ಮ ಕಾಡಿನ, ನಮ್ಮ ಬಯಲಿನ ಪ್ರಾಣಿಗಳ ಮುಂದೆ ಕಾಲು ನಿಲ್ಲುವುದು ಕಡಮೆ. ಸಾವಿರ ಹರದಾರಿ ಆಚೆಯಿಂದ ಬಂದ ಅತಿಥಿಗೆ ಮಣೆ, ಮನೆಯವನಿಗೆ ಮೂಲೆ.

ಮೊನ್ನೆ ಹೋದಾಗ ತೋಳದ ಆವರಣದ ಬಳಿ ಬಹಳ ಹೊತ್ತು ನಿಂತಿದ್ದೆ. ಬೂದಿ ಬೆರೆತ ಕಂದು ಮೈ, ಸಣ್ಣನೆಯ ಕಾಲು, ಒಂದೆಡೆ ನಿಲ್ಲದ ನಡಿಗೆ. ಪಟ್ಟಣದ ಹುಡುಗನೊಬ್ಬ ಇಣುಕಿ ನೋಡಿ, "ಅಯ್ಯೋ, ಬರೀ ನಾಯಿ!" ಎಂದು ಹೊರಟುಬಿಟ್ಟ. ಪಕ್ಕದಲ್ಲಿದ್ದ ಹಳ್ಳಿಯ ಮುದುಕರೊಬ್ಬರು ತಡೆದರು: "ನಾಯಲ್ಲ ಕಣಪ್ಪ ಮಗ, ತ್ವಾಳ. ಒಂದೇ ರಾತ್ರೀಲಿ ನಮ್ಮ ಎರಡು ಮರಿ ಹೊತ್ಕೊಂಡು ಹೋಗಿತ್ತು." ಆ ಮಾತಿನಲ್ಲಿ ಕೋಪವಿರಲಿಲ್ಲ, ಹಳೆಯ ಎದುರಾಳಿಯನ್ನು ಕಂಡ ಗೌರವವಿದ್ದಿತು. ಬನ್ನೂರಿನ ಕಡೆಯವರಂತೆ. ಬನ್ನೂರು ಕುರಿಯ ಗಿಡ್ಡ ಕಾಲು, ತುಂಬಿದ ಮೈಗಳನ್ನು ಕೈಯಿಂದಲೇ ಚಿತ್ರಿಸಿ ತೋರಿಸಿದರು. "ಈಗ ತ್ವಾಳಾನೂ ಇಲ್ಲ, ಮೇಯ್ಸೋ ಹುಡುಗ್ರೂ ಇಲ್ಲ ಸ್ವಾಮಿ" ಎಂದರು.

ನಾನು ಕನ್ನಡ ಪಾಠ ಹೇಳುವವನು. "ತೋಳ ಬಂತು ತೋಳ" ಎಂಬ ಕಥೆ ತರಗತಿಯಲ್ಲಿ ಎಲ್ಲರಿಗೂ ಗೊತ್ತು, ತೋಳ ಗೊತ್ತಿಲ್ಲ. ದುರ್ಗಸಿಂಹನ ಪಂಚತಂತ್ರದ ನರಿಗಳೂ ಹಾಗೆಯೇ. ಪರೀಕ್ಷೆಯ ಉತ್ತರದಲ್ಲಿ ಅವು ಕುತಂತ್ರದ ಸಂಕೇತ. ನರಿಯ ಊಳು ಕೇಳಿದವರು ಕೈಯೆತ್ತಿ ಎಂದರೆ ಒಂದೆರಡು ಕೈ ಎದ್ದರೆ ಹೆಚ್ಚು. ಪ್ರಾಣಿ ಹೋದಮೇಲೆ ಉಪಮೆ ಎಷ್ಟು ಕಾಲ ಉಸಿರಾಡೀತು? ಮೇಲುಕೋಟೆ ಪು.ತಿ.ನ. ಅವರ ಊರೆಂದು ಬರೆಯಬಲ್ಲ ವಿದ್ಯಾರ್ಥಿಗೂ, ಅಲ್ಲಿನ ಕುರುಚಲು ಕಾಡು ತೋಳಗಳ ರಕ್ಷಣೆಗೆಂದೇ 1974ರಲ್ಲಿ ಅಭಯಾರಣ್ಯವಾಯಿತೆಂಬುದು ಹೊಸ ಸುದ್ದಿ.

ತೋಳವನ್ನು ಅರಿಯಲು ಕುರಿಯನ್ನೂ ಅರಿಯಬೇಕು. ಆದುದರಿಂದ ನಮ್ಮ ಊರಲ್ಲಿ ಹಟ್ಟಿಯ ಪ್ರಾಣಿಗಳಿಗೂ ಒಂದು ಅಂಗಳವಿರಲಿ ಎಂಬುದು ನನ್ನ ಆಸೆ. ಕಾಲುಬಾಯಿ ಜ್ವರದ ಭಯವುಂಟು, ಕಾಡುಪ್ರಾಣಿಗಳಿಂದ ದೂರದಲ್ಲೇ ಇರಲಿ. ಒಂದು ಬನ್ನೂರು ಟಗರು, ಒಂದು ಜೋಡಿ ಹಳ್ಳಿಕಾರ್ ಎತ್ತು, ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಲ್ಲಿ ಬೆಳೆದು ಟಿಪ್ಪುವಿನ ಕಾಲದಲ್ಲಿ ಹೆಸರು ಪಡೆದ ಅಮೃತಮಹಲ್ ತಳಿಯ ಒಂದು ಹಸು. ವಿವರಿಸಲು ಕುರಿ ಕಾದ ಹಿರಿಯರೊಬ್ಬರು ನೆರಳಲ್ಲಿ ಕುಳಿತರೆ, ಫಲಕ ಬರೆಸುವ ಖರ್ಚೂ ಉಳಿದೀತು.