ಫ್ಲೆಕ್ಸ್‌ನಲ್ಲಿ ಫೋಟೊ ಇಲ್ಲದ ಮಕ್ಕಳ ಬಗ್ಗೆಯೂ ಮಾತಾಡೋಣ

ಫಲಿತಾಂಶ ಬಂದ ವಾರ ಸಂತೆಕಟ್ಟೆಯಲ್ಲಿ ಬಸ್ಸಿಳಿದರೆ ಕಣ್ಣಿಗೆ ಬೀಳುವುದು ಫ್ಲೆಕ್ಸ್‌ಗಳು. ಸಾಲು ಸಾಲು ಮಕ್ಕಳ ಮುಖ, ಕೆಳಗೆ ಅಂಕ. ಹೆಮ್ಮೆಪಡಲು ಕಾರಣವೂ ಇದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94, 2025ರ ದ್ವಿತೀಯ ಪಿಯುಸಿಯಲ್ಲಿ ಶೇ. 93.90, ಎರಡರಲ್ಲೂ ಉಡುಪಿ ಜಿಲ್ಲೆಯೇ ರಾಜ್ಯಕ್ಕೆ ಮೊದಲು. ಆದರೆ ಎಲ್ಲರೂ ಪಾಸಾಗುವ ಊರಲ್ಲಿ ಫೇಲಾದ ಹುಡುಗಿಗೆ, ಪಾಸಾಗಿಯೂ ಒಳಗೊಳಗೇ ಕುಸಿಯುತ್ತಿರುವ ಹುಡುಗನಿಗೆ ಹೇಳಿಕೊಳ್ಳಲು ಜಾಗವೇ ಇರುವುದಿಲ್ಲ.

ಎನ್‌ಸಿಆರ್‌ಬಿ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಇದನ್ನು ಬರೀ 'ಮಾರ್ಕ್ಸ್ ಸಮಸ್ಯೆ' ಅಂದುಕೊಂಡರೆ ತಪ್ಪಾಗುತ್ತದೆ. 18 ವರ್ಷದೊಳಗಿನವರ ವಿಷಯದಲ್ಲಿ ಪೊಲೀಸರು ಹೆಚ್ಚಾಗಿ ದಾಖಲಿಸುವ ಕಾರಣ ಕೌಟುಂಬಿಕ ಸಮಸ್ಯೆ. ಇನ್ನೊಂದು ಅಂಕಿ ನೋಡಿ: ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನ ಶೇ. 7.3 ಮಕ್ಕಳಲ್ಲಿ ಮಾನಸಿಕ ಕಾಯಿಲೆ ಕಂಡುಬಂದಿತ್ತು. ಅಂದರೆ 60 ಮಕ್ಕಳ ತರಗತಿಯಲ್ಲಿ ಸರಾಸರಿ ನಾಲ್ವರು. ನಿಮ್ಮ ಕ್ಲಾಸಿನ ಆ ನಾಲ್ವರು ಯಾರಿದ್ದಿರಬಹುದು, ನೆನಪಿಸಿಕೊಳ್ಳಿ.

ನನಗೆ ಒಬ್ಬ ನೆನಪಾಗುತ್ತಾನೆ. ನಾನು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಪಕ್ಕದ ರೂಮಿನವ. ವಾಲಿಬಾಲ್ ಬಿಟ್ಟ, ಊಟಕ್ಕೆ ಬರುವುದು ಬಿಟ್ಟ, ಹಗಲೆಲ್ಲ ಮಲಗಿರುತ್ತಿದ್ದ. ನಾವು 'ಸೋಂಬೇರಿ' ಅಂದೆವು, ಆಮೇಲೆ 'ಧಿಮಾಕು' ಅಂದೆವು. ಮೆಸ್ಸಿನಲ್ಲಿ ಬಡಿಸುತ್ತಿದ್ದ ಅಣ್ಣ ಮಾತ್ರ ರೂಮಿಗೇ ಹೋಗಿ, "ಎಂತ ಆಯ್ತು ಮಾರಾಯ? ಸಾಯುವ ಯೋಚನೆ ಎಲ್ಲ ಬರ್ತದಾ ನಿಂಗೆ?" ಎಂದು ನೇರವಾಗಿ ಕೇಳಿದರು. ಅವನು ಅತ್ತುಬಿಟ್ಟ. ಮರುದಿನ ಅಪ್ಪ ಬಂದರು, ಡಾಕ್ಟರಿಗೆ ತೋರಿಸಿದರು. ಒಂದು ಸೆಮಿಸ್ಟರ್ ಹೋಯಿತು, ಜೀವ ಉಳಿಯಿತು.

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂಬುದು ನಮ್ಮ ದೊಡ್ಡ ಭಯ. ಅದು ನಿಜವಲ್ಲ. ನೇರವಾಗಿ, ಮೃದುವಾಗಿ ಕೇಳುವುದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಬರಲು ದಾರಿಯಾಗುತ್ತದೆ.

ಹಾಗಾದರೆ ಯಾವಾಗ ಕೇಳಬೇಕು? ಈ ಬದಲಾವಣೆಗಳು ಎರಡು ವಾರ ದಾಟಿದರೆ:

• ನಿದ್ದೆ, ಹಸಿವು ತೀರಾ ಏರುಪೇರಾಗುವುದು
• ಇಷ್ಟದ ಆಟ, ಗೆಳೆಯರು, ಎಲ್ಲದರಿಂದ ದೂರವಾಗುವುದು
• ಮಾತುಮಾತಿಗೆ ಸಿಡುಕು (ಮಕ್ಕಳಲ್ಲಿ ಖಿನ್ನತೆ ಅಳುವಿಗಿಂತ ಸಿಟ್ಟಾಗಿ ಕಾಣುವುದೂ ಉಂಟು)
• ಪರೀಕ್ಷೆ ಮಾಡಿಸಿದರೂ ಕಾರಣ ಸಿಗದ ತಲೆನೋವು, ಹೊಟ್ಟೆನೋವು
• ಓದಿನಲ್ಲಿ ಒಮ್ಮೆಲೇ ಹಿಂದೆ ಬೀಳುವುದು

"ನಾನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಎಂಬಂಥ ಮಾತು ಬಂದರೆ, ಮಗು ತನ್ನ ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ತನಗೇ ಗಾಯ ಮಾಡಿಕೊಂಡರೆ ಎರಡು ವಾರ ಕಾಯಬೇಡಿ. 'ನಾಟಕ' ಅನ್ನಬೇಡಿ. ಒಂಟಿಯಾಗಿ ಬಿಡಬೇಡಿ, ಅಪಾಯ ತರುವ ವಸ್ತುಗಳು ಕೈಗೆ ಸಿಗದಂತೆ ನೋಡಿಕೊಳ್ಳಿ, ಅವತ್ತೇ ವೈದ್ಯರ ಬಳಿ ಕರೆದೊಯ್ಯಿರಿ. ಗೆಳೆಯ "ಯಾರಿಗೂ ಹೇಳ್ಬೇಡ" ಎಂದು ಆಣೆ ಹಾಕಿಸಿದರೂ ನಂಬಿಕಸ್ಥ ಹಿರಿಯರೊಬ್ಬರಿಗೆ ಹೇಳಲೇಬೇಕು. ಇಲ್ಲಿ ಗುಟ್ಟಿಗಿಂತ ಜೀವ ದೊಡ್ಡದು.

ಈ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಅದೃಷ್ಟವಿದೆ. ಮಣಿಪಾಲದ ಕೆಎಂಸಿ, ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ, ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಎಲ್ಲವೂ ಸಂತೆಕಟ್ಟೆಯಿಂದ ಹತ್ತಿರ. ದೂರ ಇರುವುದು ಆಸ್ಪತ್ರೆಯಲ್ಲ, 'ಜನ ಎಂತ ಹೇಳ್ತಾರೆ' ಎಂಬ ಅಳುಕನ್ನು ದಾಟುವ ಧೈರ್ಯ.

ಆದರೆ ಹೊಣೆಯನ್ನೆಲ್ಲ ಮನೆಯವರ, ಗೆಳೆಯರ ತಲೆಗೆ ಕಟ್ಟಿ ವ್ಯವಸ್ಥೆ ಕೈತೊಳೆದುಕೊಳ್ಳುವಂತಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಅಂಕ ನೋಡಿ ಮಕ್ಕಳ ಬ್ಯಾಚ್ ಬೇರೆ ಮಾಡುವುದು, ಎಲ್ಲರೆದುರು ಅವಮಾನಿಸುವುದು ನಿಲ್ಲಬೇಕು. ಸರ್ಕಾರ ಕಾನೂನು ತರುವವರೆಗೆ ಈ ಮಾರ್ಗಸೂಚಿಗಳೇ ಅನ್ವಯ.

ಹಾಗಾಗಿ ಒಂದು ಕೆಲಸ ಮಾಡಿ. ನೀವು ಓದಿದ ಶಾಲೆಗೆ ಹೋಗಿ, "ಇಲ್ಲಿ ಕೌನ್ಸೆಲರ್ ಯಾರು?" ಎಂದು ಕೇಳಿ. ಉತ್ತರ ಸಿಗದಿದ್ದರೆ ಎಸ್‌ಡಿಎಂಸಿ ಸಭೆಯಲ್ಲಿ, ಡಿಡಿಪಿಐ ಕಚೇರಿಯಲ್ಲಿ ಕೇಳಿ. ಫ್ಲೆಕ್ಸಿಗೆ ದುಡ್ಡಿರುವ ಸಂಸ್ಥೆಗಳು ಕೌನ್ಸೆಲರ್‌ಗೆ ದುಡ್ಡಿಲ್ಲ ಅಂದರೆ ಒಪ್ಪಬೇಡಿ.

ಇದನ್ನು ಓದುತ್ತಿರುವ ನಿಮಗೇ ಅಂಥ ಯೋಚನೆ ಬರುತ್ತಿದ್ದರೆ, ಈಗಲೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.